ಮಡಚುವ ಲ್ಯಾಪ್‌ಟಾಪು ಒಕ್ಕಲುತನದ ಮನೆಗೆ ತಕ್ಕದ್ದೇ?

ತೊಗರಿಯ ರಾಶಿ ಮನೆ ಸೇರುವ ಹೊತ್ತಿಗೆ ನಮ್ಮ ತಾಂಡೂರಿನ ಅಂಗಡಿಗಳ ಮುಂದೆ ಬಣ್ಣದ ಹಲಗೆಗಳು ಏಳುವುದು ಹೊಸದೇನಲ್ಲ. ಹಿಂದೆ ಅವು ಪಂಪುಸೆಟ್ಟಿನವು, ಆಮೇಲೆ ಮೋಟಾರು ಸೈಕಲ್ಲಿನವು. ಈಗ ಆ ಸಾಲಿಗೆ ಲ್ಯಾಪ್‌ಟಾಪೂ ಬಂದು ಸೇರಿದೆ. ಅದರಲ್ಲಿಯೂ ಹಿಂದಕ್ಕೆ ಪೂರಾ ಮಡಚಿ ಪಾಟಿಯಂತೆ ಕೈಯಲ್ಲಿ ಹಿಡಿಯಬಹುದಾದ ಲ್ಯಾಪ್‌ಟಾಪು. ಒಂದರ ಹಣಕ್ಕೆ ಎರಡು ಸಾಮಾನು ಎಂಬುದು ಅಂಗಡಿಯವರ ಮಾತು. ಇದನ್ನು ಕುರಿತು ನಮ್ಮ ಅಭಿಪ್ರಾಯವೇನೆಂದು ವಾಚಕರಲ್ಲಿ ಕೆಲವರು ಕೇಳಿದ್ದಾರೆ. ಬಶೀರಾಬಾದ ಕಡೆಯ ರೈತರೊಬ್ಬರಂತೂ ಸಂತೆಗೆ ಬಂದವರು ನೇರವಾಗಿ ಕಚೇರಿಗೇ ಬಂದು ಕುಳಿತರು.

"ಹುಡುಗಿ ಡಿಗ್ರಿ ಮೊದಲನೇ ವರ್ಷಕ್ಕ ಬಂದಾಳ್ರಿ. ಮಡಚೋದೇ ಬೇಕಂತ ಹಟ ಹಿಡದಾಳ. ನಮ್ಮ ಅಪ್ಪಗೂ ಅದರ ಮ್ಯಾಲ ಬೆರಳಾಡಸಬೇಕಂತ ಆಸೆ ಅದ. ಐದು ಕ್ವಿಂಟಲ್ ತೊಗರಿ ಹೋಗ್ತದ್ರಿ. ಏನ್ ಮಾಡಬೇಕು, ನೀವೇ ಹೇಳ್ರಿ," ಎಂದರು.

ಅವರ ಲೆಕ್ಕ ಸರಿಯಾಗಿಯೇ ಇತ್ತು. ೨೦೨೫-೨೬ನೆಯ ಹಂಗಾಮಿಗೆ ಕೇಂದ್ರ ಸರ್ಕಾರವು ತೊಗರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ ೮,೦೦೦ ರೂಪಾಯಿ. ನಾವು ಕಚೇರಿಯ ಕೆಲಸಕ್ಕೆಂದು ಕೊಂಡ ಮಡಚುವ ಲ್ಯಾಪ್‌ಟಾಪಿಗೆ ಕೊಟ್ಟದ್ದು ೪೦,೦೦೦. ಮಳೆಯನ್ನೇ ನಂಬಿದ ಹೊಲದಲ್ಲಿ ಎಕರೆಗೆ ನಾಲ್ಕೈದು ಕ್ವಿಂಟಲ್ ಬಂದರೆ ಒಳ್ಳೆಯ ಬೆಳೆ ಎನ್ನುವ ಸೀಮೆ ನಮ್ಮದು. ಅಡತಿಯಲ್ಲಿ ಬೆಂಬಲ ಬೆಲೆಯೇ ಸಿಕ್ಕೀತೆಂಬ ಖಾತ್ರಿಯೂ ಇಲ್ಲ. ಬಿತ್ತನೆಯಿಂದ ರಾಶಿಯವರೆಗೆ ಆರೇಳು ತಿಂಗಳು ದುಡಿದ ಒಂದು ಎಕರೆಯ ಪೂರಾ ಫಲವನ್ನು ಕೊಟ್ಟು ತರುವ ವಸ್ತುವಿದು. ಆದುದರಿಂದ ಇದನ್ನು ಎತ್ತು ಕೊಳ್ಳುವವರು ಬಾಯಿ ತೆರೆದು ಹಲ್ಲು ನೋಡುವಂತೆಯೇ ನೋಡತಕ್ಕದ್ದು.

ಮೊದಲು ವಸ್ತು ಏನೆಂಬುದನ್ನು ಹೇಳುತ್ತೇವೆ. ಇದರಲ್ಲಿ ಎರಡು ಜಾತಿಗಳುಂಟು. ಒಂದರಲ್ಲಿ ಪರದೆಯು ಕೀಲಿಮಣೆಯಿಂದ ಕಳಚಿ ಬೇರೆಯಾಗಿ ಬರುವುದು. ಇನ್ನೊಂದರಲ್ಲಿ ಪರದೆ ಕಳಚುವುದಿಲ್ಲ. ಬಿಜಾಗರಿಯ ಮೇಲೆ ಪೂರ್ತಿ ಸುತ್ತು ತಿರುಗಿ ಕೀಲಿಮಣೆಯ ಬೆನ್ನಿಗೆ ಹೋಗಿ ಒರಗುವುದು. ಈ ಎರಡನೆಯ ಜಾತಿಯನ್ನು ಲೆನೊವೊ ಕಂಪನಿಯು ೨೦೧೨ರಲ್ಲಿ 'ಯೋಗ' ಎಂಬ ಹೆಸರಿನಿಂದ ಹೊರತಂದಿತು. ಬೆನ್ನು ಬಾಗಿಸುವ ಕಾರಣಕ್ಕೆ ಆ ಹೆಸರು! ಇಂದು ಹೆಚ್ಚು ಕಡಿಮೆ ಎಲ್ಲ ಕಂಪನಿಗಳವರೂ ಅದೇ ಬಗೆಯದನ್ನು ಮಾಡುತ್ತಾರೆ. ಅಗ್ಗದ ದರದಲ್ಲಿ ನಮ್ಮ ಊರುಗಳಿಗೆ ಬರುವುದೂ ಹೆಚ್ಚಾಗಿ ಇದೇ. ಆದ್ದರಿಂದ ಮುಂದೆ ನಾವು ಮಡಚುವ ಲ್ಯಾಪ್‌ಟಾಪು ಎಂದಾಗಲೆಲ್ಲ ಇದನ್ನೇ ತಿಳಿಯಬೇಕು.

ಹೊಸ ಸಾಧನ ಬಂದಾಗ ಮೂಗು ಮುರಿಯುವ ಪೈಕಿ ನಾವಲ್ಲ. ೧೯೦೩ರಲ್ಲಿ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಕಿದರೆ ಭೂಮಿಗೆ ವಿಷವೇರುತ್ತದೆಂದು ಒಕ್ಕಲಿಗರು ಅದನ್ನು ಮುಟ್ಟಲು ಹೆದರಿದರಂತೆ. ಆ ಹೆದರಿಕೆ ನಮಗೆ ಬೇಡ. ಆದರೆ ಒಳ್ಳೆಯ ಉದ್ದೇಶದಿಂದ ಹುಟ್ಟಿದ ಸಾಧನಗಳೆಲ್ಲ ಒಕ್ಕಲುತನದ ಮನೆಗೆ ಬಂದು ನೆಲೆ ನಿಂತವೆಂದೂ ಹೇಳುವಂತಿಲ್ಲ. ಬೆಂಗಳೂರಿನ ವಿಜ್ಞಾನ ಮಂದಿರದ ಅಧ್ಯಾಪಕರು ಸೇರಿ ಸಾಮಾನ್ಯ ಜನರಿಗಾಗಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕವು ೨೦೦೪ರಲ್ಲಿ ಹತ್ತು ಸಾವಿರದೊಳಗಿನ ಬೆಲೆಯಿಂದ ಮಾರಾಟಕ್ಕೆ ಬಂದಿತು. ಕರ್ನಾಟಕ ಸರ್ಕಾರವು ಭೂದಾಖಲೆಯ ಕೆಲಸಕ್ಕೆ ಅದನ್ನು ಬಳಸಿತು. ಆದರೂ ಹೋದದ್ದು ಕೆಲವೇ ಸಾವಿರ. ಅಷ್ಟರಲ್ಲಿ ಮೊಬೈಲು ಬಂದು ಅದರ ಅರ್ಧ ಕೆಲಸವನ್ನು ಕಸಿದುಕೊಂಡಿತ್ತು. ಈ ಸಂಗತಿ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಎರಡು ಕೆಲಸದ ಸಾಧನವನ್ನು ಅಳೆಯಲು ಒಕ್ಕಲಿಗನಿಗೆ ಪೇಟೆಯವರ ಪಾಠ ಬೇಕಾಗಿಲ್ಲ. ಬೀಜ ಮತ್ತು ಗೊಬ್ಬರ ಎರಡನ್ನೂ ಬಿಡುವ ಕೂರಿಗೆ ನಮ್ಮಲ್ಲಿ ಇದೆ. ಅದಕ್ಕೆ ಸಾದಾ ಕೂರಿಗೆಗಿಂತ ಹೆಚ್ಚು ಹಣ ಕೊಟ್ಟು ಯಾರೂ ಹಳಹಳಿಸಲಿಲ್ಲ. ಏಕೆಂದರೆ ಒಂದೇ ಸಾಲಿನಲ್ಲಿ, ಒಂದೇ ಗಳೆಯಲ್ಲಿ, ಎರಡೂ ಕೆಲಸ ಕೂಡಿಯೇ ಆಗುತ್ತವೆ. ಎತ್ತಿನ ಒಂದು ದಿನ, ಆಳಿನ ಒಂದು ದಿನ ಉಳಿಯುತ್ತದೆ. ಮಡಚುವ ಲ್ಯಾಪ್‌ಟಾಪು ಹಾಗಲ್ಲ. ಪಾಟಿಯಾದಾಗ ಅದು ಕೀಲಿಮಣೆಯಲ್ಲ, ಕೀಲಿಮಣೆಯಾದಾಗ ಪಾಟಿಯಲ್ಲ. ಎರಡೂ ಕೆಲಸವನ್ನು ಸರದಿಯ ಮೇಲೆ ಮಾಡುತ್ತದೆ. ಸರದಿಯ ಮೇಲೆ ಮಾಡುವ ಸಾಧನದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಇವೆರಡರಲ್ಲಿ ಯಾವ ಕೆಲಸವನ್ನು ಮಾಡುವ ಸಾಧನ ಮನೆಯಲ್ಲಿ ಆಗಲೇ ಇದೆ?

ಆರು ವಾರ ನಾವು ಈ ಲ್ಯಾಪ್‌ಟಾಪನ್ನು ಬಳಸಿದೆವು. ಕಂಪನಿಯ ಹೆಸರು ಹೇಳುವುದಿಲ್ಲ. ಅಗ್ಗದ ದರದವುಗಳಲ್ಲಿ ಗುಣದೋಷಗಳು ಬಹಳ ಮಟ್ಟಿಗೆ ಒಂದೇ.

ಈ ಸಲದ ಎಳ್ಳಮಾವಾಸ್ಯೆಗೆ ಅದನ್ನು ಹೊಲಕ್ಕೇ ಒಯ್ದಿದ್ದೆವು. ಚರಗ ಚೆಲ್ಲಿ, ಸಜ್ಜೆರೊಟ್ಟಿ ಭಜ್ಜಿ ಉಂಡ ಮೇಲೆ ಕಾಯಿಕೊರಕದ ಚಿತ್ರಗಳನ್ನು ತೆರೆದು ತೊಗರಿಯ ಕಾಯಿಯ ಪಕ್ಕದಲ್ಲಿ ಹಿಡಿದು ಹೋಲಿಸಿ ನೋಡೋಣವೆಂಬ ಹುರುಪು. ಆಗ ಕಂಡದ್ದು ಕೊರಕವಲ್ಲ, ನಮ್ಮದೇ ಮೋರೆ. ಮುಟ್ಟುವ ಪರದೆಗೆ ಮೇಲೊಂದು ನುಣುಪು ಗಾಜು ಇರುತ್ತದೆ. ಬಿಸಿಲಿನಲ್ಲಿ ಅದು ಕನ್ನಡಿಯಾಗುತ್ತದೆ. ಬೆಳಕನ್ನು ಅಳೆಯುವ ನಿಟ್ ಎಂಬ ಮಾನದಲ್ಲಿ ಅಗ್ಗದ ಲ್ಯಾಪ್‌ಟಾಪಿನ ಪರದೆ ೨೫೦ರ ಆಸುಪಾಸಿನದು. ಸಾಧಾರಣ ಮೊಬೈಲೂ ಬಿಸಿಲಿನಲ್ಲಿ ಅದರ ಇಮ್ಮಡಿಗೆ ಮೀರಿ ಹೊಳೆಯುತ್ತದೆ. ಹೊಲದ ಯಜಮಾನರು ಜೇಬಿನಿಂದ ಮೊಬೈಲು ತೆಗೆದು ಅದೇ ಚಿತ್ರವನ್ನು ತೋರಿಸಿದಾಗ ನಾವು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿದೆವು.

ತೂಕದ ಮಾತೂ ಇದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ತೂಗಿಸಿದೆವು, ಒಂದೂವರೆ ಕಿಲೊ. ತೊಡೆಯ ಮೇಲೆ ಇದ್ದಾಗ ಇದು ಭಾರವಲ್ಲ. ಆದರೆ ಎಡಗೈಯಲ್ಲಿ ಹಿಡಿದು ಬಲಗೈಯಿಂದ ಮುಟ್ಟುತ್ತ ನಿಂತರೆ ಹತ್ತು ನಿಮಿಷಕ್ಕೆ ಮಣಿಕಟ್ಟು ನೋಯುತ್ತದೆ. ಇನ್ನೊಂದು ವಿಚಿತ್ರವೆಂದರೆ, ಪಾಟಿಯಂತೆ ಹಿಡಿದಾಗ ಕೀಲಿಮಣೆಯು ಹಿಂಬದಿಯಲ್ಲಿ ಬೆರಳುಗಳಿಗೆ ತಗಲುತ್ತದೆ. ಕೀಲಿಗಳು ಆಗ ಕೆಲಸ ಮಾಡುವುದಿಲ್ಲ, ನಿಜ. ಆದರೆ ಹೊಲದ ಕೈಯ ಮಣ್ಣು, ಎಣ್ಣೆ, ಬೆವರು ಎಲ್ಲ ಅವುಗಳ ಸಂದಿಗೆ ಇಳಿಯುತ್ತವೆ. ಕೆಳಗೆ ಇಟ್ಟರಂತೂ ಕೀಲಿಗಳೇ ನೆಲಕ್ಕೆ. ನಮ್ಮ ಊರಿನ ಧೂಳು ಎಂಥದೆಂದು ತಾಂಡೂರಿನವರಿಗೆ ಹೇಳಬೇಕಾಗಿಲ್ಲ. ಫರಸಿ ಕೊಯ್ಯುವ, ನಯ ಮಾಡುವ ಕಾರ್ಖಾನೆಗಳ ಬಿಳಿಪುಡಿ, ಸಿಮೆಂಟಿನದು, ಅದರ ಮೇಲೆ ರಾಶಿಯ ಕಾಲದ ಹೊಟ್ಟು.

ಇಷ್ಟು ಹೇಳಿದ ಮೇಲೆ ಮುಟ್ಟುವ ಪರದೆಯ ಗುಣವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಬಶೀರಾಬಾದಿನ ಆ ರೈತರು ಮತ್ತೊಂದು ಸಂತೆಗೆ ತಮ್ಮ ತಂದೆಯನ್ನೂ ಕರೆದುಕೊಂಡು ಬಂದರು. ವಯಸ್ಸು ಎಪ್ಪತ್ತರ ಮೇಲೆ. ನಾಲ್ಕನೆಯ ಇಯತ್ತೆಯವರೆಗೆ ಪಾಟಿಯ ಮೇಲೆ ಕನ್ನಡ ಬರೆದವರು. ಕೀಲಿಮಣೆ ಎಂದರೆ ಅವರಿಗೆ ಇರುವೆಗಳ ಸಾಲು. ಗೂಗಲಿನ ಅನುವಾದದ ಪುಟವನ್ನು ತೆರೆದು, ಬೆರಳಿನಿಂದ ಬರೆಯುವ ಜಾಗ ತೋರಿಸಿ, "ಬರೀರಿ ಅಜ್ಜಾರ" ಎಂದೆವು. ನಡುಗುವ ಬೆರಳಿನಿಂದ 'ತೊಗರಿ' ಎಂದು ಬರೆದರು. ಅಕ್ಷರಗಳು ಮೂಡಿದವು, ಪಕ್ಕದಲ್ಲಿ ತೆಲುಗಿನ ಕಂದಿ ಎಂಬ ಮಾತೂ ಬಂದಿತು. ಅವರು ನಕ್ಕು, "ಪಾಟಿ ಮತ್ತ ಬಂತಲ್ಲೋ ತಮ್ಮಾ" ಎಂದರು. ಜಹೀರಾಬಾದಿನ ಬಳಿಯ ಮಾಚನೂರಿನಲ್ಲಿ ೨೦೦೮ರಿಂದ ಸಂಘಂ ರೇಡಿಯೊ ನಡೆಸಿದ ರೈತ ಮಹಿಳೆಯರನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಶಾಲೆಯ ಮೆಟ್ಟಿಲು ಕಾಣದ ಕೈಗಳೂ ಸಾಧನವು ಸರಳವಾಗಿದ್ದರೆ ಅದನ್ನು ಪಳಗಿಸಿಕೊಳ್ಳುತ್ತವೆ.

ಆದರೆ ಅದೇ ದಿನ ಅದೇ ಅಜ್ಜನಿಗೆ ಮಗನ ಮೊಬೈಲಿನಲ್ಲಿಯೂ ಹಾಗೆಯೇ ಬರೆಯಿಸಿದೆವು. ಅಲ್ಲಿಯೂ ಬಂದಿತು. ಪರದೆ ಸಣ್ಣದು, ಕನ್ನಡಕ ಬೇಕಾಯಿತು, ಅಷ್ಟೇ ವ್ಯತ್ಯಾಸ. ಮೇಲಾಗಿ ಮೊಬೈಲಿಗೆ ಬಾಯಿಂದ ಹೇಳಿದರೂ ಸಾಕು. ೨೦೧೭ರ ಆಗಸ್ಟಿನಲ್ಲಿ ಗೂಗಲ್ ಕಂಪನಿಯು ಮಾತನ್ನು ಅಕ್ಷರವಾಗಿಸುವ ಅನುಕೂಲವನ್ನು ಎಂಟು ಭಾರತೀಯ ಭಾಷೆಗಳಿಗೆ ಸೇರಿಸಿದಾಗ ಅವುಗಳಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕೂ ಇದ್ದವು. ನಮ್ಮ ಸಂತೆಯ ನಾಲ್ಕು ಮಾತುಗಳೂ ಅವೇ. ಹೀಗಾಗಿ ಪಾಟಿಯ ಕೆಲಸಕ್ಕೆ ಮನೆಯಲ್ಲಿ ಆಗಲೇ ಒಂದು ಪಾಟಿ ಇದೆ. ಸಿಂಪ್ಯೂಟರಿಗೆ ಆದ ಗತಿಯೇ ಇಲ್ಲಿ ಮಡಚುವ ಲ್ಯಾಪ್‌ಟಾಪಿನ ಅರ್ಧ ಭಾಗಕ್ಕೂ ಆಗಿದೆ.

ಮನೆಯಲ್ಲಿ ಇಲ್ಲದಿರುವುದು ಇನ್ನೊಂದು ಅರ್ಧ, ಅಂದರೆ ಕೀಲಿಮಣೆ. ಗಡಿಯವರಾದ ನಮಗೆ ಇದರ ಅಗತ್ಯ ಒಳನಾಡಿನವರಿಗಿಂತ ಒಂದು ಕೈ ಹೆಚ್ಚೇ ಎನ್ನಬೇಕು. ೧೯೫೬ರ ನವೆಂಬರ್ ಒಂದರಂದು ಹೈದರಾಬಾದ ರಾಜ್ಯವನ್ನು ಹಂಚಿದಾಗ ಗುಲಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರು, ಕೊಡಂಗಲ್ ತಾಲೂಕುಗಳೂ ಬೀದರ ಜಿಲ್ಲೆಯಲ್ಲಿದ್ದ ನಾರಾಯಣಖೇಡ ಮತ್ತು ಜಹೀರಾಬಾದದ ಹೆಚ್ಚಿನ ಭಾಗವೂ ಆಂಧ್ರದ ಕಡೆಗೆ ಬಂದವು. ಗೆರೆ ಎಳೆದವರು ಹೊಲಗಳನ್ನೂ ಬೀಗತನಗಳನ್ನೂ ಕೇಳಿ ಎಳೆಯಲಿಲ್ಲ. ಇಂದಿಗೂ ಎಷ್ಟೋ ಮನೆಗಳ ಒಂದು ತುಂಡು ಭೂಮಿ ಸೇಡಮ್ ಇಲ್ಲವೆ ಚಿಂಚೋಳಿಯ ಕಡೆಗೆ, ಇನ್ನೊಂದು ತುಂಡು ಇತ್ತ ಕಡೆಗೆ. ಅತ್ತಲ ಪಹಣಿ ಭೂಮಿ ಯೋಜನೆಯ ಕನ್ನಡ ಪುಟದಲ್ಲಿ. ಇತ್ತಲ ಪಟ್ಟೆಯು ೨೦೨೦ರಲ್ಲಿ ಬಂದ ಧರಣಿಯಲ್ಲಿ ಇದ್ದದ್ದು, ೨೦೨೫ರಿಂದ ಭೂ ಭಾರತಿಯಲ್ಲಿ. ತೊಗರಿಯೂ ಹಾಗೆಯೇ: ಕಲಬುರಗಿ ತೊಗರಿಗೆ ೨೦೧೯ರಲ್ಲಿ, ತಾಂಡೂರು ತೊಗರಿಗೆ ೨೦೨೨ರಲ್ಲಿ ಭೌಗೋಳಿಕ ಗುರುತು ಬಂದಿದೆ. ಒಂದೇ ಬಗೆಯ ಕಪ್ಪು ನೆಲ, ಎರಡು ಮುದ್ರೆ, ಎರಡು ಲಿಪಿ. ಇಂಥ ಕಾಗದಗಳನ್ನು ಮೊಬೈಲಿನಲ್ಲಿ ನೋಡಬಹುದು, ಆದರೆ ಅರ್ಜಿಯನ್ನು ತುಂಬುವುದು, ಎರಡು ದಾಖಲೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಸರ್ವೆ ನಂಬರು ತಾಳೆ ನೋಡುವುದು, ಅಡತಿಯ ಪಟ್ಟಿಗಳನ್ನು ಒಟ್ಟು ಹಾಕುವುದು ಹೆಬ್ಬೆರಳಿನ ಕೆಲಸವಲ್ಲ. ಆ ಕೆಲಸಕ್ಕೆ ಅಂಗಡಿಗೆ ಹೋಗಿ ಹಾಳೆಗಿಷ್ಟು ಎಂದು ಕೊಟ್ಟು ಬರುವವರೆಷ್ಟೋ ಮಂದಿ.

ಕೀಲಿಮಣೆಯ ಮೇಲೆ ಕನ್ನಡ ಅಕ್ಷರ ಅಚ್ಚಾಗಿರುವುದಿಲ್ಲವಲ್ಲ ಎಂದು ಹೆದರುವವರಿಗೆ ಒಂದು ಸಂಗತಿ ತಿಳಿಸುತ್ತೇವೆ. ಭಾರತೀಯ ಲಿಪಿಗಳಿಗೆಲ್ಲ ಸಾಮಾನ್ಯವಾಗಿ ಸರ್ಕಾರ ಗೊತ್ತುಮಾಡಿದ ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸವಿದೆ. ಅದರಲ್ಲಿ ಕನ್ನಡದ ಕ ಎಲ್ಲಿದೆಯೋ ತೆಲುಗಿನ ಕ ಅಲ್ಲಿಯೇ ಇದೆ, ಹಿಂದಿಯದೂ ಅಲ್ಲಿಯೇ. ತೆಲುಗು ಮಾಧ್ಯಮದಲ್ಲಿ ಓದಿದ ನಮ್ಮ ಹುಡುಗರು ತೆಲುಗು ಟೈಪು ಕಲಿತರೆ ಕನ್ನಡವೂ ಬಂದಂತಾಯಿತು. ಇದರ ಬೆಲೆ ಬೆಂಗಳೂರಿನವರಿಗೆ ತಿಳಿಯದು, ನಮಗೆ ತಿಳಿಯುತ್ತದೆ. ಕರ್ನಾಟಕದ ಕಚೇರಿಗಳಲ್ಲಿ ನಡೆದಿರುವುದು ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ನುಡಿ ತಂತ್ರಾಂಶ ಬಳಸುವವರಿಗೆ ಅದು ಪರಿಚಿತ, ಕಲಿಯಲು ಸುಲಭ. ಅತ್ತ ನೌಕರಿಗೆ ಹೋಗಬಯಸುವವರು ಅದನ್ನು ಕಲಿಯಲಿ. ಎರಡಕ್ಕೂ ಬೇಕಾದದ್ದು ಬೆರಳಿಗೆ ಹಿತವಾದ, ಗಟ್ಟಿ ಒತ್ತುವ ಕೀಲಿಗಳು. ನಮ್ಮ ಲ್ಯಾಪ್‌ಟಾಪಿನ ಕೀಲಿಗಳು ತೆಳ್ಳಗೆ. ಒತ್ತಿದ್ದು ಬೆರಳಿಗೆ ತಿಳಿಯುವುದಿಲ್ಲ. ಮಡಚಿದಾಗ ದಪ್ಪವಾಗಬಾರದೆಂದು ಮಾಡಿದ ತೆಳುವು ಇದು. ಪಾಟಿಯ ಸುಖಕ್ಕಾಗಿ ಟೈಪಿನ ಕೆಲಸಕ್ಕೆ ಪೆಟ್ಟು ಬಿದ್ದಿದೆ.

ಇನ್ನು ಒಳಗಿನ ಸರಕು. ಅಂಗಡಿಯಲ್ಲಿ ಬಿಜಾಗರಿಯನ್ನು ತಿರುಗಿಸಿ ತೋರಿಸುತ್ತಾರೆಯೇ ಹೊರತು ಒಳಗಿನದನ್ನು ಹೇಳುವುದಿಲ್ಲ. ಕೆಡುಕು ಇರುವುದು ಇಲ್ಲಿಯೇ. ಹಿಂದಿನ ಎರಡು ಉದಾಹರಣೆ ನೋಡಿ. ಮೈಕ್ರೋಮ್ಯಾಕ್ಸ್ ಕಂಪನಿಯು ೨೦೧೫ರಲ್ಲಿ ಲ್ಯಾಪ್‌ಟ್ಯಾಬ್ ಎಂಬ ಕಳಚುವ ಯಂತ್ರವನ್ನು ೧೪,೯೯೯ ರೂಪಾಯಿಗೆ ಮಾರಿತು. ಐಬಾಲ್ ಕಂಪನಿಯು ೨೦೧೬ರಲ್ಲಿ ೧೨,೯೯೯ಕ್ಕೆ ಕಾಂಪ್‌ಬುಕ್ ಐ೩೬೦ ಎಂಬ ಮಡಚುವ ಯಂತ್ರವನ್ನು ತಂದಿತು. ಎರಡೂ ಬಡವರ ಕೈಗೆ ಎಟುಕುವ ಬೆಲೆ, ಮೆಚ್ಚಬೇಕಾದದ್ದೇ. ಆದರೆ ಎರಡರಲ್ಲಿಯೂ ಕೆಲಸದ ನೆನಪು ೨ ಜಿಬಿ, ಸಂಗ್ರಹದ ಜಾಗ ೩೨ ಜಿಬಿ ಮಾತ್ರ. ವಿಂಡೋಸ್ ಒಂದೇ ಆ ಜಾಗದ ದೊಡ್ಡ ಪಾಲನ್ನು ನುಂಗುತ್ತಿತ್ತು. ಅದರ ಹೊಸ ಪರಿಷ್ಕರಣೆ ಇಳಿಸಲು ಎಡೆಯೇ ಉಳಿಯುತ್ತಿರಲಿಲ್ಲ. ೨೦೨೧ರಲ್ಲಿ ಬಂದ ವಿಂಡೋಸ್ ೧೧ಕ್ಕೆ ಕನಿಷ್ಠ ೪ ಜಿಬಿ ನೆನಪು, ೬೪ ಜಿಬಿ ಜಾಗ ಬೇಕು. ಐದೇ ವರ್ಷದಲ್ಲಿ ಅವು ಹಿಂದೆ ಬಿದ್ದವು. ಹೆಚ್ಚಿಸೋಣವೆಂದರೆ ಆ ಭಾಗಗಳನ್ನು ಹಲಗೆಗೆ ಬೆಸುಗೆ ಹಾಕಿಯೇ ಬಿಟ್ಟಿದ್ದರು.

ಈಗಲೂ ಅಗ್ಗದ ಮಡಚುವ ಲ್ಯಾಪ್‌ಟಾಪುಗಳಲ್ಲಿ ಅದೇ ಚಾಳಿ ಪೂರಾ ಹೋಗಿಲ್ಲ. ಇಎಂಎಂಸಿ ಎಂಬ ನಿಧಾನದ ಸಂಗ್ರಹವನ್ನು ಬೆಸುಗೆ ಹಾಕಿ ಕೊಡುತ್ತಾರೆ. ೪ ಜಿಬಿ ನೆನಪು ಕೊಟ್ಟು ಕನಿಷ್ಠ ಅಳತೆಗೆ ಸರಿ ಇದೆ ಎನ್ನುತ್ತಾರೆ. ಕನಿಷ್ಠ ಅಳತೆ ಎಂದರೆ ಬದುಕಿರಲು ಬೇಕಾದ ಗಂಜಿ, ದುಡಿಯಲು ಬೇಕಾದ ರೊಟ್ಟಿಯಲ್ಲ. ವಿಂಡೋಸ್ ೧೧ ಇರುವುದಕ್ಕೆ ೮ ಜಿಬಿ ಕಡಿಮೆಯಾದರೆ ಕೊಳ್ಳಲೇಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಸಂಗ್ರಹವು ಎಸ್‌ಎಸ್‌ಡಿ ಎಂಬ ಜಾತಿಯದಾಗಿದ್ದು ತಿರುಪು ಬಿಚ್ಚಿ ಬದಲಿಸುವಂತಿರಬೇಕು. ಹೈದರಾಬಾದಿನಿಂದ ಹಳೆಯ ಮಡಚುವ ಲ್ಯಾಪ್‌ಟಾಪುಗಳನ್ನು ತಂದು ಅರ್ಧ ಬೆಲೆಗೆ ಮಾರುವವರಿದ್ದಾರೆ. ಅವುಗಳಲ್ಲಿ ವಿಂಡೋಸ್ ೧೦ ಮಾತ್ರ ನಡೆಯುವುದಾದರೆ ದೂರವಿರಿ. ೨೦೨೫ರ ಅಕ್ಟೋಬರ್ ೧೪ಕ್ಕೆ ಮೈಕ್ರೋಸಾಫ್ಟಿನವರು ಅದರ ಸಾಮಾನ್ಯ ಬೆಂಬಲ ನಿಲ್ಲಿಸಿದ್ದಾರೆ. ಪಾಸ್‌ಬುಕ್ಕಿನ, ಬ್ಯಾಂಕಿನ ಕೆಲಸ ಮಾಡುವ ಯಂತ್ರಕ್ಕೆ ಬೀಗ ಕೆಟ್ಟ ಬಾಗಿಲು ಯೋಗ್ಯವಲ್ಲ.

ಬಿಜಾಗರಿಯ ಮಾತಿಗೆ ಬರೋಣ. ಬಾಗಿಲನ್ನು ಒಂದೇ ಬದಿಗೆ ತೆರೆದು ಮುಚ್ಚಿದರೆ ಬಿಜಾಗರಿ ಅಜ್ಜನ ಕಾಲದಿಂದ ಮೊಮ್ಮಗನ ಕಾಲದವರೆಗೆ ಬರುತ್ತದೆ. ಪೂರ್ತಿ ಸುತ್ತು ತಿರುಗಿಸುವ ಬಿಜಾಗರಿಗೆ ಬೀಳುವ ಹೊರೆಯೇ ಬೇರೆ. ಒಳಗೆ ಬಿಗಿಯಾದ ಎರಡು ಅಚ್ಚುಗಳು, ಅವುಗಳನ್ನು ಹಿಡಿದಿರುವುದು ಪ್ಲಾಸ್ಟಿಕ್ಕಿನಲ್ಲಿ ಕೂಡಿಸಿದ ಹಿತ್ತಾಳೆಯ ಸಣ್ಣ ತಿರುಪು ಗೂಡುಗಳು. ಹುಡುಗರು ಒಂದು ಮೂಲೆ ಹಿಡಿದು ತಿರುಗಿಸುತ್ತಾರೆ, ಆಗ ಒಂದು ಅಚ್ಚು ಮುಂದೆ, ಇನ್ನೊಂದು ಹಿಂದೆ, ಪ್ಲಾಸ್ಟಿಕ್ಕು ಸೀಳುತ್ತದೆ. ನಮ್ಮದರ ಎಡಮೂಲೆ ಐದನೆಯ ವಾರಕ್ಕೆ ಕರಕರ ಎನ್ನಲು ಆರಂಭಿಸಿತು. ರಿಪೇರಿಯವರನ್ನು ಕೇಳಿದೆವು. ಬಿಜಾಗರಿ ಹೈದರಾಬಾದಿನಿಂದ ಬರಬೇಕು, ಮುಟ್ಟುವ ಪರದೆ ಗಾಜಿನೊಡನೆ ಅಂಟಿಯೇ ಬರುವುದರಿಂದ ಒಡೆದರೆ ಎರಡನ್ನೂ ಕೂಡಿಯೇ ಹಾಕಬೇಕು, ಅದಕ್ಕೆ ಲ್ಯಾಪ್‌ಟಾಪಿನ ಬೆಲೆಯ ಮೂರರಲ್ಲಿ ಒಂದು ಪಾಲು ಎಂದರು. ಸಾದಾ ಲ್ಯಾಪ್‌ಟಾಪಿನ ಪರದೆಗೆ ಅವರು ಹೇಳಿದ್ದು ಅದರ ಅರ್ಧಕ್ಕಿಂತ ಕಡಿಮೆ. ಎತ್ತಿನ ಕಾಲು ಮುರಿದಾಗಿನ ಲೆಕ್ಕವನ್ನು ಕೊಳ್ಳುವಾಗಲೇ ಹಾಕದವನು ಒಕ್ಕಲಿಗನೇ ಅಲ್ಲ.

ಕರೆಂಟಿನ ಬಗ್ಗೆ ಹೆಚ್ಚು ದೂರಿಲ್ಲ. ಅಗ್ಗದ ಯಂತ್ರಗಳಲ್ಲಿ ಹಾಕುವ ಇಂಟೆಲ್ಲಿನ ಎನ್೧೦೦ರಂಥ ಮಿದುಳುಗಳು ೬ ವ್ಯಾಟಿನ ಲೆಕ್ಕದವು. ಪರದೆಯೂ ಸೇರಿ ೮ ವ್ಯಾಟ್ ಉಂಡರೆ ೪೦ ವ್ಯಾಟ್-ಅವರ್ ಬ್ಯಾಟರಿ ಐದು ಗಂಟೆ ಬರಬೇಕು. ನಮ್ಮದು ಸುಮಾರಾಗಿ ಅಷ್ಟೇ ಬಂದಿತು. ಪೆಟ್ಟಿಗೆಯ ಮೇಲೆ 'ದಿನವಿಡೀ' ಎಂದು ಬರೆದಿದ್ದರೆ ವ್ಯಾಟ್-ಅವರ್ ಎಷ್ಟೆಂದು ಕೇಳಿ ಎಂಟರಿಂದ ಭಾಗಿಸಿರಿ, ಬಂದದ್ದು ನಿಜ. ಬೀಸಣಿಗೆಯಿಲ್ಲದ ಮಾದರಿ ಸಿಕ್ಕರೆ ನಮ್ಮ ಧೂಳಿಗೆ ಅದೇ ಮೇಲು.

ಕ್ರೋಮ್‌ಬುಕ್ ಎಂಬ ಇನ್ನೊಂದು ಬಗೆ ಇದೆ. ಅದರಲ್ಲಿಯೂ ಮಡಚುವವು ಬರುತ್ತವೆ. ಅದಕ್ಕೆ ೪ ಜಿಬಿ ನೆನಪಿದ್ದರೂ ನಡೆದೀತು. ೨೦೨೧ರಿಂದೀಚಿನ ಮಾದರಿಗಳಿಗೆ ಹತ್ತು ವರ್ಷ ಪರಿಷ್ಕರಣೆ ಕೊಡುವುದಾಗಿ ಗೂಗಲಿನವರು ೨೦೨೩ರಲ್ಲಿ ಸಾರಿದರು. ಆದರೆ ಆ ಹತ್ತು ವರ್ಷದ ಲೆಕ್ಕ ನೀವು ಕೊಂಡ ದಿನದಿಂದಲ್ಲ, ಆ ಮಾದರಿಯ ಸರಕು ಹೊರಬಂದ ಕಾಲದಿಂದ. ಪಹಣಿ ನೋಡುವುದಕ್ಕೆ, ಪತ್ರ ಬರೆಯುವುದಕ್ಕೆ, ಪಾಠ ಕೇಳುವುದಕ್ಕೆ ಅದು ಸಾಕು. ವಿಂಡೋಸಿನ ನುಡಿ ತಂತ್ರಾಂಶವಾಗಲಿ, ಅಡತಿ ಅಂಗಡಿಯವರ ಟ್ಯಾಲಿಯಾಗಲಿ ಅದರಲ್ಲಿ ನೇರವಾಗಿ ಕೂಡುವುದಿಲ್ಲ. ಬಿ.ಕಾಂ. ಓದುವ ಮಕ್ಕಳಿರುವ ಮನೆಯವರು ಇದನ್ನು ಮರೆಯಬಾರದು.

ಹಾಗಾದರೆ ಮಡಚುವ ಲ್ಯಾಪ್‌ಟಾಪು ಯಾರಿಗೂ ಬೇಡವೇ? ಹಾಗೆನ್ನಲಾರೆವು. ಗಣಿತ, ವಿಜ್ಞಾನ ಓದುವ ವಿದ್ಯಾರ್ಥಿ ಪರದೆಯ ಮೇಲೆ ಕೈಯಿಂದ ಬರೆದು ಟಿಪ್ಪಣಿ ಮಾಡುತ್ತಾನೆಂದರೆ, ಮೇಷ್ಟರೊಬ್ಬರು ಅದರ ಮೇಲೆ ಬರೆದು ಪಾಠ ಹೇಳುತ್ತಾರೆಂದರೆ ಅದರ ಮಾತೇ ಬೇರೆ. ಆದರೆ ಅಂಥವರು ಸರಿಯಾದ ಲೇಖನಿಗೆ ಒಪ್ಪುವ ಪರದೆ ಇದೆಯೇ, ಕೈಯ ಅಂಗೈ ತಾಗಿದರೆ ಗೀಟು ಮೂಡದೇ ಎಂದು ಅಂಗಡಿಯಲ್ಲಿಯೇ ಬರೆದು ನೋಡಬೇಕು. ಅಗ್ಗದವುಗಳಲ್ಲಿ ಬಹಳಷ್ಟಕ್ಕೆ ಲೇಖನಿ ಪ್ರತ್ಯೇಕ ಖರ್ಚು, ಕೆಲವಕ್ಕೆ ಒಪ್ಪುವುದೇ ಇಲ್ಲ. ಮಹಿಳಾ ಸಂಘದ ಸಭೆಯಲ್ಲಿ ನಾಲ್ಕು ಜನರ ನಡುವೆ ಡೇರೆಯಂತೆ ಚಾಚಿ ನಿಲ್ಲಿಸಿ ಚಿತ್ರ ತೋರಿಸುವುದಕ್ಕೂ ಅದು ಅನುಕೂಲ. ನಾವೇ ಹಾಗೆ ಬಳಸಿ ಮೆಚ್ಚಿದೆವು. ಉಳಿದ ಒಕ್ಕಲುತನದ ಮನೆಗಳಿಗೆ ಸಾದಾ ಲ್ಯಾಪ್‌ಟಾಪೇ ಲೇಸು. ನಾವು ವಿಚಾರಿಸಿದ ಅಂಗಡಿಯಲ್ಲಿಯೇ ೮ ಜಿಬಿ ನೆನಪು, ಬದಲಿಸಬಹುದಾದ ಎಸ್‌ಎಸ್‌ಡಿ, ಗಟ್ಟಿ ಕೀಲಿಮಣೆ ಇರುವ ಸಾದಾ ಯಂತ್ರಕ್ಕೆ ೩೨,೦೦೦ ಎಂದರು. ಅಂದರೆ ಬಿಜಾಗರಿಯ ಬೆಲೆ ಒಂದು ಕ್ವಿಂಟಲ್ ತೊಗರಿ.

ಇದನ್ನೆಲ್ಲ ಬಶೀರಾಬಾದಿನವರಿಗೆ ಹೇಳಿದೆವು. ಮಗಳೂ ಜೊತೆಗೆ ಬಂದಿದ್ದಳು. ಅವಳು ಎರಡನ್ನೂ ಅರ್ಧ ಗಂಟೆ ಟೈಪು ಮಾಡಿ ನೋಡಿ, "ಅಪ್ಪಾ, ಸಾದಾದ್ರದೇ ಕೀಲಿ ಛಲೋ ಅವ," ಎಂದಳು. ಅಜ್ಜನ ಮಾತೇನೆಂದು ಕೇಳಿದೆವು. "ಅವರಿಗಿ ದೊಡ್ಡ ಸ್ಕ್ರೀನಿಂದು ಒಂದು ಮೊಬೈಲ್ ಕೊಡಸೋಣಂತ," ಎಂದು ಅವಳೇ ತೀರ್ಮಾನ ಹೇಳಿದಳು. ತಂದೆಯವರು ಮಾತ್ರ ಟೊಪ್ಪಿಗೆ ಸರಿಪಡಿಸಿಕೊಂಡು, "ಮದಲ ತೊಗರಿ ಹೋಗ್ಲಿ ತಾಯಿ, ರೇಟು ಏನ್ ಬರ್ತದ ನೋಡೂಣು," ಎಂದು ಎದ್ದರು.